ಒಳಗೆ ಹೋಗುವಾಗಲೇ ಹೊಡೆದ ಗಂಟೆ

ನನ್ನ ಸೊಸೆಯ ಕೆಲಸವೇನು ಅಂತ ಯಾರಾದರೂ ಕೇಳಿದರೆ ಮೊದಲೆಲ್ಲ ನಾನು "ಬಾಗಿಲು ಕಾಯೋದು" ಅಂದುಬಿಡುತ್ತಿದ್ದೆ. ಅವಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

"ಅಷ್ಟೊಂದು ಓದಿ ಬಾಗಿಲು ಕಾಯ್ತೀನಾ ಅತ್ತೆ ನಾನು?"

"ಮತ್ತೇನಮ್ಮ, ದಿನಾ ನಿಂತಿರೋದು ಬಾಗ್ಲಲ್ಲೇ ತಾನೇ?"

ಊರಾಚೆಗಿನ ಅಣುಸ್ಥಾವರದಲ್ಲಿ ಅವಳು ಸುರಕ್ಷತೆಯ ಅಧಿಕಾರಿ. ಒಳಗೆ ಹೋಗುವವರ, ಹೊರಗೆ ಬರುವವರ ಮೈಯಲ್ಲಿ, ಬಟ್ಟೆಯಲ್ಲಿ, ಚಪ್ಪಲಿಯಡಿಯಲ್ಲಿ ಆ ಕಣ್ಣಿಗೆ ಕಾಣದ ವಿಕಿರಣದ ಧೂಳು ಏನಾದರೂ ಅಂಟಿದೆಯೇ ಅಂತ ಯಂತ್ರ ಹಿಡಿದು ನೋಡುವುದು ಅವಳ ಜವಾಬ್ದಾರಿ. ಆ ಗತ್ತನ್ನು ಮನೆಗೂ ತರುತ್ತಾಳೆ. ಹೊರಗಿಂದ ಬಂದವಳು ಕೈ ತೊಳೆಯದೆ ಅಡುಗೆಮನೆಗೆ ಕಾಲಿಟ್ಟರೆ ನನ್ನನ್ನಷ್ಟೇ ಅಲ್ಲ, ನನ್ನ ನೆರಳನ್ನೂ ಆಚೆ ಅಟ್ಟುತ್ತಾಳೆ. ನನ್ನ ಗಂಡ ಪುಣ್ಯಾತ್ಮ, ಇವಳು ಈ ಮನೆಗೆ ಬರುವ ಮೊದಲೇ ಹೊರಟುಹೋದರು. ಇದ್ದಿದ್ದರೆ ಮಣ್ಣುಗಾಲಲ್ಲಿ ಒಳಗೆ ಬಂದ ತಪ್ಪಿಗೆ ಜೀವಮಾನವೆಲ್ಲ ಅಂಗಳದಲ್ಲೇ ಮಲಗಬೇಕಾಗುತ್ತಿತ್ತು.

ನಮ್ಮೂರಿನ ಯಾವ ಬೀದಿಯಲ್ಲಿ ನಿಂತರೂ ಸ್ಥಾವರದ ಗುಮ್ಮಟ ಕಾಣುತ್ತದೆ. ಪಕ್ಕದಲ್ಲೇ ಆವಿ ಬಿಡುವ ಗೋಪುರ. ಅದರ ಬಾಯಿಂದ ಏಳುವ ಬಿಳೀ ಮೋಡವನ್ನು ತುಂಬಿದರೆ ಭೂಮಿಯ ಮೇಲಿರುವ ಎಲ್ಲರಿಗೂ ಒಂದೊಂದು ದಿಂಬು ಮಾಡಿ ಇನ್ನೂ ಮಿಗುತ್ತದೆ. ಅದು ಬರೀ ನೀರಿನ ಆವಿ ಅಂತ ಸೊಸೆ ಸಾವಿರ ಸಲ ಹೇಳಿದ್ದಳು. ಊರಿನವರು ಸಾವಿರ ಸಲವೂ ಹೂಂಗುಟ್ಟಿ, ಅವಳು ಅತ್ತ ಹೋದ ಮೇಲೆ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಕಟಿಂಗ್ ಅಂಗಡಿಯವನಂತೂ ತನ್ನ ತಲೆ ಬೋಳಾದದ್ದು ಆ ಮೋಡದಿಂದಲೇ ಅಂತ ಕನ್ನಡಿಯ ಮೇಲೆ ಕೈಯಿಟ್ಟು ಆಣೆ ಮಾಡುತ್ತಿದ್ದ. ಅವನಪ್ಪನ ತಲೆ ಸ್ಥಾವರಕ್ಕೆ ಪಾಯ ತೋಡುವ ಮೊದಲೇ ಗುಮ್ಮಟದ ಹಾಗೆ ಹೊಳೆಯುತ್ತಿದ್ದದ್ದು ಅವನಿಗೆ ಮರೆತುಹೋಗಿತ್ತು.

ಈ ಮಾತುಗಳಿಗೆಲ್ಲ ತಾಯಿಬೇರು ನನ್ನ ಓರಗಿತ್ತಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಅನ್ನುತ್ತೇನೆ. ಊರು ಅವಳನ್ನು ಗುಂಡುಕಲ್ಲಮ್ಮ ಅನ್ನುತ್ತದೆ. ಯಾರು ಹೇಗಿದ್ದೀರಿ ಅಂತ ಕೇಳಿದರೂ, "ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ" ಅನ್ನುವುದು ಅವಳ ಉತ್ತರ. ಕೇಳದಿದ್ದರೂ ಅದೇ ಉತ್ತರ. ಜ್ವರ ಅವಳ ಮನೆ ಬಾಗಿಲಿಗೆ ಬಂದು, ಅವಳ ದನಿ ಕೇಳಿ, ಪಕ್ಕದ ಮನೆಗೆ ಹೋಗುತ್ತಿತ್ತು. ಬೀದಿಯ ಮೂಲೆಯಲ್ಲಿ ಅವಳ ಹೊಲಿಗೆ ಅಂಗಡಿ. ಅಳತೆ ಕೊಡಲು ಬಂದವರು ಟೇಪಿನ ಒಳಗೆ ಸಿಕ್ಕಿಬಿದ್ದಿರುತ್ತಾರಲ್ಲ, ಓಡಿಹೋಗುವ ಹಾಗಿಲ್ಲ. ಅವರ ಕಿವಿಗೆ ಸ್ಥಾವರದ ಸುದ್ದಿ ತುಂಬುತ್ತಿದ್ದಳು.

"ಲೇ, ನಿನ್ ಸೊಸೆ ಕತ್ತಲಲ್ಲಿ ಹೊಳೀತಾಳಂತೆ, ಹೌದೇನೇ?" ಅಂತ ಒಂದು ದಿನ ಗಿರಾಕಿಗಳ ಮುಂದೆಯೇ ಕೇಳಿದಳು.

"ಹೊಳೆದಿದ್ರೆ ಒಳ್ಳೇದೇ ಆಗ್ತಿತ್ತಲ್ಲಕ್ಕ. ಕರೆಂಟು ಬಿಲ್ಲು ಉಳೀತಿತ್ತು."

"ನಗಬೇಡ. ಅಲ್ಲಿ ತಪ್ಪು ನಡೀತಿಲ್ಲ ಅಂದ್ರೆ ಗೇಟ್ ಯಾಕೆ ಮುಚ್ಕೊಂಡ್ ಕೂತಿದಾರೆ? ನನ್ನಂಗಡಿ ಬಾಗಿಲು ತೆರೆದೇ ಇರತ್ತೆ. ಕತ್ತರಿ ಎಲ್ಲಿ ಹಾಕ್ತೀನಿ ಅಂತ ಎಲ್ರೂ ನೋಡ್ಲಿ ಅಂತ."

ಈ ಮಾತನ್ನು ನಾನು ಮನೆಗೆ ಬಂದು, ಅಲ್ಲಿ ಇಲ್ಲಿ ಸ್ವಲ್ಪ ಬಣ್ಣ ಬಳಿದು ಸೊಸೆಗೆ ಹೇಳಿದೆ. ಸಿಡುಕುತ್ತಾಳೆ, ಮಜಾ ನೋಡೋಣ ಅಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ದೊಡ್ಡತ್ತೆ ಕೇಳಿದ್ರಲ್ಲಿ ತಪ್ಪೇನಿದೆ ಅತ್ತೆ? ನಾವೇ ತೋರಿಸದೆ ನಂಬಿ ಅಂದ್ರೆ ಯಾರು ನಂಬ್ತಾರೆ?"

ಅವತ್ತಿನಿಂದ ಅವಳು ಸ್ಥಾವರದ ದೊಡ್ಡ ಸಾಹೇಬರ ತಲೆ ತಿನ್ನತೊಡಗಿದಳು. ಊರಿನವರನ್ನು ಒಂದು ದಿನ ಒಳಗೆ ಕರೆಸಿ, ಎಲ್ಲ ತೋರಿಸೋಣ ಅಂತ. ಸಾಹೇಬರು ಒಳ್ಳೆಯವರೇ, ಆದರೆ ಅಂಜುಬುರುಕ. ಸೀನು ಬಂದರೂ ಮೇಲಿನವರ ಅಪ್ಪಣೆ ಕೇಳಿ ಸೀನುವ ಜಾತಿ. ಇವಳು ಬಿಡದೆ ಕಾಡಿದ ಮೇಲೆ ಒಪ್ಪಿದರು, ಒಂದು ಮಾತಿನ ಮೇಲೆ: "ಇದು ಮೊದಲ ಸಲ. ಒಂದೇ ಒಂದು ಗಲಾಟೆ ಆದ್ರೂ ಇದೇ ಕೊನೇ ಸಲ. ಆಮೇಲೆ ಗೇಟ್ ತೆಗೀರಿ ಅಂತ ನೀವು ನನ್ನ ಹತ್ರ ಬರಬಾರದು."

ಸೊಸೆ ಬೀದಿ ಬೀದಿ ಸುತ್ತಿ ಜನರನ್ನು ಕರೆದಳು. ಗುಂಡುಕಲ್ಲಮ್ಮನನ್ನು ಮನೆಗೇ ಹೋಗಿ ಕರೆದಳು.

"ಬರ್ದೆ ಇರ್ತೀನಾ?" ಅಂದಳು ಅಕ್ಕ. "ನಿಮ್ಮೋರ ಬಣ್ಣ ಬಯಲು ಮಾಡಕ್ಕೆ ನಾನೇ ಮುಂದಿನ ಸೀಟಲ್ಲಿ ಕೂತ್ಕೋತೀನಿ."

ಆ ದಿನ ಬಂತು. ಸ್ಥಾವರದ ಬಸ್ಸು ಬೆಳಗಿನ ಹೊತ್ತಿಗೇ ಚೌಕಕ್ಕೆ ಬಂದು ನಿಂತಿತು. ಅರ್ಧ ಊರು ಹತ್ತಿತು, ಇನ್ನರ್ಧ ಊರು ನಾವು ಹೇಗೆ ಸಾಯುತ್ತೇವೆ ಅಂತ ನೋಡಲು ರಸ್ತೆ ಬದಿಯಲ್ಲಿ ನಿಂತುಕೊಂಡಿತು. ಕಟಿಂಗ್ ಅಂಗಡಿಯವನು ಮೂಗಿಗೆ ಎರಡು ಟವೆಲ್ಲು ಸುತ್ತಿಕೊಂಡು ಬಂದಿದ್ದ.

"ಉಸಿರು ಕಟ್ಟಿ ಸಾಯ್ತೀಯಲ್ಲೋ" ಅಂದೆ.

ಟವೆಲ್ಲಿನ ಒಳಗಿಂದ ಏನೋ ಅಂದ. ಬೈದನೋ, ಹರಸಿದನೋ ಗೊತ್ತಾಗಲಿಲ್ಲ.

ಅಕ್ಕ ಹೇಳಿದ ಹಾಗೆ ಮುಂದಿನ ಸೀಟಲ್ಲೇ ಕೂತಿದ್ದಳು. ಪಕ್ಕದಲ್ಲಿ ನನ್ನ ಭಾವ. ಭಾವ ಎಂಥ ಸಾಧು ಅಂದರೆ, ಅವರು ಕೊನೆಯ ಸಲ ಜೋರಾಗಿ ಮಾತಾಡಿದ್ದು ಹುಟ್ಟಿದಾಗ ಅತ್ತಾಗ. ಬಿಸಿಲು ಧಗಧಗ ಅನ್ನುತ್ತಿತ್ತು, ಅಕ್ಕ ಮಾತ್ರ ಮಣಿಕಟ್ಟಿನವರೆಗೆ ತೋಳಿರುವ ಅಂಗಿ ತೊಟ್ಟಿದ್ದಳು. ಬಾಯಿ ಕೂಡ ಗುಂಡಿ ಹಾಕಿದ ಹಾಗಿತ್ತು.

"ಏನಕ್ಕ, ಯುದ್ಧಕ್ಕೆ ಹೊರಟೋರು ಇಷ್ಟು ಸುಮ್ನಿದ್ರೆ ಹೇಗೆ?"

"ಶಕ್ತಿ ಉಳಿಸ್ಕೋತಿದೀನಿ. ನೀನು ನಿನ್ ಬಾಯಿ ನೋಡ್ಕೋ" ಅಂದಳು. ದನಿಯಲ್ಲಿ ಎಂದಿನ ಖಾರ ಇರಲಿಲ್ಲ.

ಸ್ಥಾವರದ ಗೇಟಿನ ಒಳಗೆ ಒಂದು ದೊಡ್ಡ ಹಜಾರ. ನೆಲ ಎಷ್ಟು ಸ್ವಚ್ಛವಾಗಿತ್ತು ಅಂದರೆ ನನ್ನ ಮುಖದ ಸುಕ್ಕೆಲ್ಲ ಒಂದೂ ಬಿಡದೆ ಅದರಲ್ಲಿ ಕಾಣುತ್ತಿತ್ತು. ಸೊಸೆ ನೀಲಿ ಕೋಟು ಹಾಕಿ, ಎದೆಯ ಮೇಲೆ ಗುರುತಿನ ಚೀಟಿ ತೂಗುಹಾಕಿಕೊಂಡು ಮುಂದೆ ಬಂದಳು. ನನ್ನ ಮನೆಯಲ್ಲಿ ಪಾತ್ರೆಗೆ ಜಗಳವಾಡುವವಳು ಇವಳೇನಾ ಅನ್ನಿಸಿತು.

"ಇವತ್ತು ನಮ್ಮ ಪ್ಲಾಂಟಿನ ಬಗ್ಗೆ ಏನು ಬೇಕಾದ್ರೂ ಕೇಳಿ" ಅಂದಳು. "ಗೊತ್ತಿದ್ರೆ ಹೇಳ್ತೀನಿ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತೀನಿ. ಒಳಗೆ ಹೋಗೋ ಮುಂಚೆ ಎಲ್ರೂ ಈ ಯಂತ್ರದಲ್ಲಿ ನಿಲ್ಬೇಕು. ಈಗ ನಿಮ್ಮ ಮೈಯಲ್ಲಿ ಏನೂ ಇಲ್ಲ ಅಂತ ತೋರಿಸತ್ತೆ. ವಾಪಸ್ ಬರುವಾಗ್ಲೂ ನಿಲ್ತೀರಿ. ಆಗ್ಲೂ ಏನೂ ಅಂಟಿಲ್ಲ ಅಂತ ನೀವೇ ನೋಡ್ಬೋದು."

ಯಂತ್ರ ಅಂದರೆ ಕಬ್ಬಿಣದ ಗೂಡು. ಪಾದ ಇಡುವ ಕಡೆ ಪಾದದ ಗುರುತು, ಕೈ ತೂರಿಸಲು ಎರಡು ಸಂದು. ಎಲ್ಲ ಸರಿ ಇದ್ದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು ದೀಪ ಮತ್ತು ಗಂಟೆ. ನಾನೇ ಮೊದಲು ನಿಂತೆ. ಹಸಿರು. ನನ್ನಂಥ ಮುದುಕಿಯಲ್ಲೂ ಹಸಿರು ಉಳಿದಿದೆ ಅಂತ ಹಿಗ್ಗಿಹೋದೆ. ಕಟಿಂಗ್ ಅಂಗಡಿಯವನು ಟವೆಲ್ಲು ಬಿಚ್ಚಿ ನಿಂತ, ಹಸಿರು. ಭಾವ ನಿಂತರು, ಹಸಿರು. ಒಬ್ಬರ ಹಿಂದೆ ಒಬ್ಬರು, ಎಲ್ಲ ಹಸಿರು. ಜನರ ಮುಖದಲ್ಲಿ ನಗು ಕಾಣಿಸಿಕೊಂಡಿತು. ಮೂಲೆಯಲ್ಲಿ ನಿಂತು ಬೆವರೊರೆಸುತ್ತಿದ್ದ ದೊಡ್ಡ ಸಾಹೇಬರು ಕರವಸ್ತ್ರ ಜೇಬಿಗಿಟ್ಟುಕೊಂಡರು.

ಅಕ್ಕ ಗೂಡಿಗೆ ಕಾಲಿಟ್ಟಳು.

ಅಬ್ಬಬ್ಬಾ, ಆ ಗಂಟೆಯೇ! ಸತ್ತವರೂ ಎದ್ದು "ಯಾರದು ಬಾಗ್ಲಲ್ಲಿ?" ಅನ್ನಬೇಕು, ಹಾಗೆ ಹೊಡೆದುಕೊಂಡಿತು. ಕೆಂಪು ದೀಪ ಗರಗರ ತಿರುಗಿತು. ಜನ ಗೋಡೆಗೆ ಅಂಟಿಕೊಂಡರು. ಕಟಿಂಗ್ ಅಂಗಡಿಯವನು ಎರಡೂ ಟವೆಲ್ಲನ್ನು ಒಟ್ಟಿಗೆ ತಲೆಯ ಮೇಲೆ ಎಳೆದುಕೊಂಡ.

"ನಾನು ಹೇಳ್ಲಿಲ್ವಾ!" ಅಂತ ಒಳಗಿಂದಲೇ ಕೂಗಿದ. "ಸೋರಿದೆ! ಊರಿಗೇ ಸೋರಿದೆ! ಗುಂಡುಕಲ್ಲಮ್ಮಂಗೇ ಹೀಗಾದ್ರೆ ನಮ್ಮ ಗತಿಯೇನು?"

"ನಿಮ್ಗೆಲ್ಲ ಹಸಿರು ಬಂತಲ್ಲಪ್ಪ" ಅಂದಳು ಸೊಸೆ. "ಊರಿಗೇ ಸೋರಿದ್ರೆ ಎಲ್ರಿಗೂ ಹೊಡ್ಕೋಬೇಕಿತ್ತು."

ಯಾರಿಗೂ ಕೇಳಿಸಿಕೊಳ್ಳುವ ವ್ಯವಧಾನ ಇರಲಿಲ್ಲ. ಅಷ್ಟರಲ್ಲಿ ನನ್ನ ಭಾವ, ಹೌದು, ಆ ನನ್ನ ಭಾವ, ದೊಡ್ಡ ಸಾಹೇಬರ ಮುಂದೆ ಹೋಗಿ ನಿಂತು ಗುಡುಗಿದರು.

"ನನ್ನ ಹೆಂಡ್ತಿಗೆ ಏನ್ ಮಾಡಿದ್ರಿ?"

ಕಂಬ ಮಾತಾಡಿದ್ದರೂ ನಾವು ಅಷ್ಟು ಬೆರಗಾಗುತ್ತಿರಲಿಲ್ಲ. ಸಾಹೇಬರು ಹಿಂದೆ ಹಿಂದೆ ಹೋಗಿ, ಸೊಸೆಯ ಕಿವಿಯ ಹತ್ತಿರ ಬಗ್ಗಿದರು. ನನ್ನ ಕಿವಿ ಮುದಿಯಾದರೂ ಬೇರೆಯವರ ಗುಟ್ಟಿಗೆ ಇನ್ನೂ ಹರೆಯದ್ದೇ.

"ಮಷೀನ್ ಕೆಟ್ಟಿದೆ ಅಂದ್ಬಿಡಿ. ಪಕ್ಕದ ಬಾಗಿಲಿಂದ ಒಳಗೆ ಕಳ್ಸಿ, ಮುಗೀಲಿ."

"ಕೆಟ್ಟಿಲ್ಲ ಸಾರ್."

"ಅದು ನನಗೂ ಗೊತ್ತು. ಜನಕ್ಕೆ ಗೊತ್ತಾ?"

"ಇವತ್ತು ಕೆಟ್ಟಿದೆ ಅಂದ್ರೆ, ನಾಳೆ ಸರಿಯಾಗಿದೆ ಅಂದಾಗ ಯಾರು ನಂಬ್ತಾರೆ ಸಾರ್?" ಅಂದಳು ಸೊಸೆ. ಆಮೇಲೆ ಜನರ ಕಡೆ ತಿರುಗಿದಳು. "ಯಂತ್ರ ಸರಿಯಾಗಿದೆ. ಯಾಕೆ ಹೊಡ್ಕೊಂಡ್ತು ಅಂತ ನನಗಿನ್ನೂ ಗೊತ್ತಿಲ್ಲ. ನೋಡಿ ಹೇಳ್ತೀನಿ."

ಅಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅವಳ ಬೆರಳು ತಣ್ಣಗಿತ್ತು. ಬಿಡಿಸಿಕೊಳ್ಳಲಾಗದೆ ನಾನೂ ಅವಳ ಜೊತೆ ಪಕ್ಕದ ಸಣ್ಣ ಕೋಣೆಗೆ ಹೋದೆ. ಸೊಸೆ ಬಾಗಿಲು ಹಾಕಿ, ಇಸ್ತ್ರಿಪೆಟ್ಟಿಗೆಯಷ್ಟು ದೊಡ್ಡದೊಂದು ಉಪಕರಣ ತಂದಳು. ಅದಕ್ಕೆ ಪುಟ್ಟ ಪರದೆ. ಅಕ್ಕನ ಕಾಲಿನಿಂದ ತಲೆಯವರೆಗೆ ಮೆಲ್ಲಗೆ ಆಡಿಸಿದಳು. ಎದೆಯ ಹತ್ತಿರ ಬಂದಾಗ ಅದು ಹುರಿಯುವ ಕಾಳಿನ ಹಾಗೆ ಚಟಪಟ ಅಂದಿತು. ಪರದೆ ನೋಡಿದ ಸೊಸೆಯ ಮುಖದ ಬಿಗಿ ಸಡಿಲವಾಯಿತು.

"ದೊಡ್ಡತ್ತೆ, ಈಚೆಗೆ ಆಸ್ಪತ್ರೆಗೆ ಹೋಗಿದ್ರಾ?"

"ಆಸ್ಪತ್ರೆಗಾ? ನಾನಾ? ಗುಂಡುಕಲ್ಲಿನ ಹಾಗಿದೀನಿ!"

"ಇದು ಯಾವ ಪದಾರ್ಥ ಅಂತ ಈ ಉಪಕರಣ ಹೇಳತ್ತೆ ದೊಡ್ಡತ್ತೆ. ಇದು ನಮ್ಮ ಪ್ಲಾಂಟಿಂದ ಯಾರಿಗೂ ಅಂಟೋದಲ್ಲ. ಇದನ್ನ ಡಾಕ್ಟ್ರು ಸೂಜೀಲಿ ಕೊಡ್ತಾರೆ. ರಕ್ತದ ಜೊತೆ ಹೃದಯಕ್ಕೆ ಹೋಗಿ, ಅಲ್ಲಿ ಹೇಗಿದೆ ಅಂತ ಫೋಟೋ ತೆಗೆಯೋಕೆ ಸಹಾಯ ಮಾಡತ್ತೆ."

ಅಕ್ಕ ಗೋಡೆ ನೋಡಿದಳು, ನೆಲ ನೋಡಿದಳು, ನನ್ನನ್ನು ಮಾತ್ರ ನೋಡಲಿಲ್ಲ. ಆಮೇಲೆ ಕುರ್ಚಿಯ ಮೇಲೆ ಮೂಟೆಯ ಹಾಗೆ ಕೂತಳು.

"ನಿನ್ನೆ ಹೋಗಿದ್ದೆ" ಅಂದಳು. "ಮೆಟ್ಟಿಲು ಹತ್ತಿದ್ರೆ ಎದೆ ಹಿಂಡ್ದಂಗೆ ಆಗ್ತಿತ್ತು. ಸೂಜಿ ಹಾಕಿದ ಮೇಲೆ ಡಾಕ್ಟ್ರು ಏನೇನೋ ಹೇಳಿದ್ರು, ನಾನು ಯಾರಾದ್ರೂ ನೋಡ್ತಾರೇನೋ ಅಂತ ಬಾಗ್ಲು ನೋಡ್ತಿದ್ದೆ. ಮನೆಗೆ ಬಂದು ಮೈ ಉಜ್ಜಿ ಉಜ್ಜಿ ಸ್ನಾನ ಮಾಡ್ದೆ ಕಣೇ. ಎಲ್ಲ ತೊಳ್ಕೊಂಡ್ ಹೋಗಿರತ್ತೆ ಅಂದ್ಕೊಂಡೆ."

ರಕ್ತಕ್ಕೆ ಹಾಕಿಸಿಕೊಂಡದ್ದನ್ನು ಸೋಪು ಹಚ್ಚಿ ತೆಗೆಯಲು ಹೊರಟ ಮಹಾತಾಯಿ! ಬೇರೆ ದಿನವಾಗಿದ್ದರೆ ನಾನು ನೆಲಕ್ಕೆ ಬಿದ್ದು ಹೊರಳಾಡಿ ನಗುತ್ತಿದ್ದೆ. ಅವಳ ಮುಖ ನೋಡಿ ನಗು ಬರಲಿಲ್ಲ.

"ಭಾವಂಗೆ ಗೊತ್ತಿಲ್ವಾ ಅಕ್ಕ?"

"ಬಟ್ಟೆ ತರಕ್ಕೆ ಹೋಗ್ತೀನಿ ಅಂತ ಹೇಳಿದ್ದೆ. ಗೊತ್ತಾದ್ರೆ ಅವ್ರು ಊಟ ಬಿಡ್ತಾರೆ. ಹೊಲಿಗೆ ಮಷೀನಿಗೆ ಬೀಗ ಹಾಕ್ತಾರೆ. ಊರೆಲ್ಲ ಸಾಲಾಗಿ ಬಂದು 'ಪಾಪ, ಪಾಪ' ಅಂತಾರೆ. ಆ ಪಾಪ ಕೇಳೋದಕ್ಕಿಂತ ಎದೆ ನಿಂತ್ರೇ ವಾಸಿ." ಸೊಸೆಯ ಕೈ ಹಿಡಿದಳು. "ಹೇಳ್ಬೇಡ ಕಣಮ್ಮ."

ಹೊರಗೆ ಜನರ ಕೂಗು ಬಾಗಿಲನ್ನು ಅಲ್ಲಾಡಿಸುತ್ತಿತ್ತು. ಸೊಸೆ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡಳು. ಇಷ್ಟು ದಿನ ಸಾಹೇಬರನ್ನು ಕಾಡಿ, ಬೇಡಿ ತೆರೆಸಿದ ಗೇಟು ಅದು. ಒಂದೇ ಮಾತು ಹೇಳಿದರೆ ಉಳಿಯುತ್ತಿತ್ತು.

"ನಿಮ್ಮ ಮೈ, ನಿಮ್ಮ ವಿಷ್ಯ" ಅಂದಳು. "ನನ್ನ ಬಾಯಿಂದ ಬರಲ್ಲ."

"ನಿನ್ನ ಹರ್ಕೊಂಡು ತಿಂತಾರಲ್ಲೇ ಅವ್ರು."

"ತಿನ್ಲಿ ದೊಡ್ಡತ್ತೆ." ಆಮೇಲೆ ನನ್ನ ಕಡೆ ತಿರುಗಿ ಬೆರಳೆತ್ತಿದಳು. "ಅತ್ತೆ, ನೀವೂ ಅಷ್ಟೇ."

ನನಗೆ! ಇವತ್ತು ಬೆಳಿಗ್ಗೆ ಕೇಳಿದ್ದನ್ನು ನಿನ್ನೆಯೇ ಊರಿಗೆ ಹಂಚಿರುವ ನನಗೆ! ಸುಡುಸುಡುವ ಕೆಂಡವನ್ನು ಬಾಯಲ್ಲಿ ಇಟ್ಟುಕೊಂಡು ತುಟಿ ಮುಚ್ಚಿದ ಹಾಗಾಯಿತು.

ಸೊಸೆ ಹೊರಗೆ ಬಂದಳು, ನಾನು ಹಿಂದೆ. ಅಕ್ಕ ಕೋಣೆಯಲ್ಲೇ ಉಳಿದಳು. ಬಾಗಿಲು ಅರ್ಧ ತೆರೆದೇ ಇತ್ತು.

"ಎಲ್ರೂ ಕೇಳಿ. ದೊಡ್ಡತ್ತೆ ಮೈಯಲ್ಲಿ ವಿಕಿರಣ ಇರೋದು ನಿಜ. ಯಂತ್ರ ಸರಿಯಾಗೇ ಹೇಳಿದೆ. ಆದ್ರೆ ಅದು ಈ ಪ್ಲಾಂಟಿಂದ ಬಂದದ್ದಲ್ಲ. ನಿಮಗ್ಯಾರಿಗೂ ಅದರಿಂದ ಅಪಾಯ ಇಲ್ಲ, ಅವರಿಗೂ ಇಲ್ಲ."

"ಮತ್ತೆಲ್ಲಿಂದ ಬಂತು?" ಅಂದ ಕಟಿಂಗ್ ಅಂಗಡಿಯವನು.

"ಅದನ್ನ ನಾನು ಹೇಳೋ ಹಾಗಿಲ್ಲ."

"ಆಹಾ! ಏನ್ ಕೇಳಿದ್ರೂ ಹೇಳ್ತೀನಿ ಅಂದ್ಯಲ್ಲಮ್ಮ?"

"ಪ್ಲಾಂಟಿಂದು ಏನ್ ಕೇಳಿದ್ರೂ ಹೇಳ್ತೀನಿ. ಇದು ಪ್ಲಾಂಟಿಂದಲ್ಲ."

"ಮುಚ್ಚಿಡ್ತಿದಾರೆ! ನಡೀರಿ, ಬಸ್ ಹತ್ತಿ!"

ಜನ ಬಾಗಿಲ ಕಡೆ ನುಗ್ಗಿದರು. ದೊಡ್ಡ ಸಾಹೇಬರು ಸೊಸೆಯ ಹತ್ತಿರ ಬಂದರು. ಅವರ ಮುಖ ಒಗೆದು ಹಿಂಡಿದ ಬಟ್ಟೆಯ ಹಾಗಿತ್ತು.

"ನಿಮಗೆ ಗೊತ್ತಿದೆ ತಾನೇ ಕಾರಣ? ಹೇಳಿಬಿಡಿ. ಇಲ್ದಿದ್ರೆ ಇವತ್ತಿಗೇ ಮುಗೀತು. ಈ ಗೇಟ್ ಮತ್ತೆ ತೆಗೆಯಲ್ಲ."

"ಮುಗೀಲಿ ಸಾರ್" ಅಂದಳು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿ.

ನನ್ನ ನಾಲಿಗೆ ಹಲ್ಲಿನ ಹಿಂದೆ ಕುಣಿಯುತ್ತಿತ್ತು. ಇನ್ನು ಸ್ವಲ್ಪ ತಡವಾಗಿದ್ದರೂ ತಾನೇ ಹೊರಗೆ ಹಾರಿ ಊರಿಗೆಲ್ಲ ಕೂಗಿ ಹೇಳುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಒಂದು ಕೂಗು ಬಂತು. ಆ ಗಂಟೆಯೂ ಅದರ ಮುಂದೆ ಸಪ್ಪೆ.

"ನಿಲ್ರೋ ಎಲ್ರೂ!"

ಅಕ್ಕ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅಂಗಿಯ ತೋಳನ್ನು ಸರ್ರನೆ ಮೇಲಕ್ಕೆಳೆದಳು. ಮೊಣಕೈ ಒಳಗೆ ಸೂಜಿ ಚುಚ್ಚಿದ ಗುರುತು, ಸುತ್ತ ನೀಲಿಗಟ್ಟಿದ ಚರ್ಮ.

"ಇಲ್ನೋಡಿ! ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಹೃದಯ ನೋಡಕ್ಕೆ ಸೂಜಿ ಹಾಕಿದಾರೆ. ಅದಕ್ಕೇ ನಾನು ಗಣಗಣ ಅಂತಿರೋದು. ಪ್ಲಾಂಟೂ ಇಲ್ಲ, ಸೋರಿದ್ದೂ ಇಲ್ಲ. ಆಯ್ತಾ?"

ಜನ ಇದ್ದಲ್ಲೇ ನಿಂತರು. ಭಾವ ಗುಂಪಿನ ನಡುವಿನಿಂದ ಬಂದರು.

"ಬಟ್ಟೆ ತರಕ್ಕೆ ಹೋಗಿದ್ದೆ ಅಂದ್ಯಲ್ಲೇ?"

"ಬಟ್ಟೆ ಚೆನ್ನಾಗಿರ್ಲಿಲ್ಲ. ಬಂದಿದ್ದು ಬಂದೆ ಅಂತ ಹೃದಯ ತೋರಿಸ್ಕೊಂಡ್ ಬಂದೆ."

"ಏನಂದ್ರು?"

"ಒಂದು ನಾಳ ಸ್ವಲ್ಪ ಕಿರಿದಾಗಿದ್ಯಂತೆ. ಮಾತ್ರೆ ನುಂಗಿದ್ರೆ ಸಾಕಂತೆ. ಹೊಲಿಬೋದಾ ಅಂತ ಕೇಳ್ದೆ. ಧಾರಾಳವಾಗಿ ಹೊಲೀರಿ, ಜಗಳ ಕಡಿಮೆ ಮಾಡಿ ಅಂದ್ರು."

"ಅದಕ್ಕೆ ಮಾತ್ರೆ ಕೊಡ್ಲಿಲ್ವಾ ಅಕ್ಕ?" ಅಂದೆ ನಾನು. ಬಾಯಲ್ಲಿದ್ದ ಕೆಂಡ ಹೇಗಾದರೂ ಹೊರಗೆ ಬರಬೇಕಿತ್ತಲ್ಲ.

ಮೊದಲು ನಕ್ಕವರು ಭಾವ. ನಗುತ್ತಲೇ ಕಣ್ಣೊರೆಸಿಕೊಂಡು, ಊರೆಲ್ಲ ನೋಡುತ್ತಿದ್ದ ಹಾಗೆಯೇ ಹೆಂಡತಿಯ ತೋಳನ್ನು ಕೆಳಗಿಳಿಸಿ, ಗುಂಡಿ ಹಾಕಿದರು. ಆಮೇಲೆ ಇಡೀ ಹಜಾರ ನಕ್ಕಿತು. ಗುಮ್ಮಟ ಬಿರುಕು ಬಿಡದೆ ಉಳಿದದ್ದೇ ಹೆಚ್ಚು. ಅದನ್ನು ಕಟ್ಟಿದವರ ಬಗ್ಗೆ ನನಗೆ ಗೌರವ ಬಂದದ್ದು ಆಗಲೇ.

ಕಟಿಂಗ್ ಅಂಗಡಿಯವನು ಟವೆಲ್ಲು ಮಡಚುತ್ತ ಸೊಸೆಯ ಹತ್ತಿರ ಬಂದ.

"ಹೌದೇನಮ್ಮ ಇವ್ರು ಹೇಳೋದು?"

ಸೊಸೆ ಅಕ್ಕನ ಮುಖ ನೋಡಿದಳು. ಅಕ್ಕ ತಲೆಯಾಡಿಸಿದ ಮೇಲೆಯೇ ಬಾಯಿ ತೆರೆದಳು.

"ಹೌದು. ಅದರ ಶಕ್ತಿ ಗಂಟೆಗಂಟೆಗೂ ಕಡಿಮೆಯಾಗ್ತಾ ಹೋಗತ್ತೆ. ಕೆಲವೇ ದಿನದಲ್ಲಿ ಇಲ್ವೇ ಇಲ್ಲ ಅನ್ನೋ ಹಾಗಾಗತ್ತೆ."

ಅವನು ಗೂಡನ್ನು ಮೇಲಿನಿಂದ ಕೆಳಗೆ ನೋಡಿದ. "ಸೂಜಿಮೊನೆಯಷ್ಟು ಔಷಧಿ, ಅದೂ ನಿನ್ನೆ ಹಾಕಿದ್ದು. ಅದನ್ನೇ ಹಿಡೀತಲ್ಲ ಇದು! ಹಂಗಾದ್ರೆ ಇನ್ನೊಂದ್ಸಲ ನನ್ನ ತಲೆ ನೋಡಮ್ಮ. ತಲೆ ಮಾತ್ರ."

ಸೊಸೆ ಆ ಇಸ್ತ್ರಿಪೆಟ್ಟಿಗೆಯಂಥದ್ದನ್ನು ಅವನ ಬೋಳುತಲೆಯ ಸುತ್ತ ಆಡಿಸಿದಳು. ಅದು ಸದ್ದೇ ಮಾಡಲಿಲ್ಲ.

"ಏನೂ ಇಲ್ವಾ?" ಅಂದ, ಬಹಳ ಬೇಜಾರಿನಿಂದ.

"ಕೂದ್ಲೂ ಇಲ್ಲ, ಬೇರೇನೂ ಇಲ್ಲ" ಅಂದೆ ನಾನು. "ನಿಮ್ಮಪ್ಪಂದೇ ಕಣೋ ಅದು. ಒಪ್ಕೋ."

ಅಕ್ಕ ಅಷ್ಟರಲ್ಲಿ ದೊಡ್ಡ ಸಾಹೇಬರ ಎದುರು ನಿಂತು ಸೊಂಟಕ್ಕೆ ಕೈ ಕೊಟ್ಟಿದ್ದಳು.

"ಗೇಟ್ ಮುಚ್ತೀನಿ ಅಂದ್ಯಲ್ಲಪ್ಪ? ಮುಚ್ಚು ನೋಡೋಣ! ಮಷೀನು ಕೆಟ್ಟಿದೆ ಅಂದಿದ್ರೆ ಈ ಹುಡುಗಿ ಸಲೀಸಾಗಿ ಪಾರಾಗ್ತಿದ್ಲು. ಅನ್ಲಿಲ್ಲ. ನನ್ನ ಹೆಸರು ಹೇಳಿದ್ರೂ ಪಾರಾಗ್ತಿದ್ಲು. ಅದೂ ಹೇಳ್ಲಿಲ್ಲ. ನಿಮ್ಮ ಗುಮ್ಮಟ ನಂಬ್ತೀನೋ ಇಲ್ವೋ ಆಮೇಲಿನ ಮಾತು. ಇವಳನ್ನ ನಂಬ್ತೀನಿ. ಇವಳು ಬಾಗ್ಲಲ್ಲಿ ಇರೋವರೆಗೆ ಈ ಬಾಗಿಲು ತೆಗೆದಿರ್ಬೇಕು."

ಸಾಹೇಬರು ಊರಿನವರ ಕಡೆ ನೋಡಿದರು. ಬಸ್ಸು ಹತ್ತಿದ್ದವರೂ ಇಳಿದು ಬಂದು ಬಾಗಿಲಲ್ಲಿ ಸಾಲು ನಿಂತಿದ್ದರು. ಸಾಹೇಬರು ಈ ಸಲ ಮೇಲಿನ ಯಾರನ್ನೂ ಕೇಳಲಿಲ್ಲ.

"ತೆಗೆದಿರತ್ತೆ ಅಮ್ಮ" ಅಂದರು.

"ಹಂಗಾದ್ರೆ ನಡೀರಿ ಒಳಗೆ" ಅಂತ ಅಕ್ಕ ದಂಡನಾಯಕಿಯ ಹಾಗೆ ಹೊರಟಳು. ಸೊಸೆ ಅಡ್ಡ ನಿಂತಳು.

"ನೀವು ಇವತ್ತು ಬರೋ ಹಾಗಿಲ್ಲ ದೊಡ್ಡತ್ತೆ."

"ಏನಂದೆ?"

"ನಿಮ್ಮ ಮೈಯಲ್ಲಿ ಆಗ್ಲೇ ಇದೆ. ಒಳಗೆ ಹೋಗಿ ಬಂದಾಗ ನಮ್ಮದೇನಾದ್ರೂ ಅಂಟಿದ್ರೂ ಈ ಯಂತ್ರಕ್ಕೆ ಬೇರೆ ಮಾಡಿ ಹೇಳಕ್ಕಾಗಲ್ಲ. ಪೂರ್ತಿ ಕರಗಿದ ಮೇಲೆ ಬನ್ನಿ, ನಾನೇ ಕರ್ಕೊಂಡ್ ಹೋಗ್ತೀನಿ."

"ಇಷ್ಟೆಲ್ಲ ನಿನ್ನ ಪರವಾಗಿ ಮಾತಾಡಿದ ಮೇಲೂನಾ?"

"ಮಾತಾಡಿದ್ರೂ ಅಷ್ಟೇ."

ಅಕ್ಕ ಅವಳನ್ನು ಗುರಾಯಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಹೆಂಗೇ ಬಾಳ್ತೀಯ ಇವಳ ಜೊತೆ?" ಅಂದಳು. ತುಟಿಯ ಕೊನೆಯಲ್ಲಿ ನಗು ಇತ್ತು. "ಸರಿ. ನಾನು ಆಚೆ ಬೆಂಚಲ್ಲಿ ಕೂತಿರ್ತೀನಿ. ಆದ್ರೆ ನನ್ನ ಪ್ರಶ್ನೆಗೆಲ್ಲ ಯಾರು ಉತ್ತರ ಹೇಳ್ತಾರೆ? ಏನಪ್ಪ ಸಾಹೇಬ, ಬಾ ಇಲ್ಲಿ."

ನಾವೆಲ್ಲ ತಲೆಗೆ ಟೋಪಿ, ಕಾಲಿಗೆ ಚೀಲ ಹಾಕಿಕೊಂಡು ಒಳಗೆ ಹೋದೆವು. ಕರೆಂಟು ಹುಟ್ಟಿಸುವ ಚಕ್ರ ಇರುವ ಮನೆ ನೋಡಿದೆವು. ಅದರ ಸದ್ದಿಗೆ ನನ್ನ ಅಲ್ಲಾಡುವ ಹಲ್ಲೆಲ್ಲ ತಾಳ ಹಾಕಿದವು. ಗಾಜಿನ ಆಚೆ ಗುಂಡಿ, ದೀಪಗಳ ಮುಂದೆ ಕೂತು ರಿಯಾಕ್ಟರ್ ನಡೆಸುವವರನ್ನು ನೋಡಿದೆವು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅದೇ ಮಾತಿನಲ್ಲಿ ತಿರುಗಿ ಹೇಳಿ, ಸರಿ ಅನ್ನಿಸಿಕೊಂಡ ಮೇಲೆಯೇ ಗುಂಡಿ ಮುಟ್ಟುತ್ತಿದ್ದರು. ನನ್ನ ಮಗ ಈ ಒಂದು ಅಭ್ಯಾಸ ಕಲಿತಿದ್ದರೆ ಅಂಗಡಿಯಿಂದ ಸಕ್ಕರೆ ತಾ ಅಂದರೆ ಉಪ್ಪು ತರುತ್ತಿರಲಿಲ್ಲ. ಊರಿನವರು ಕೇಳಿದ ಪ್ರಶ್ನೆಗೆಲ್ಲ ಸೊಸೆ ಉತ್ತರ ಹೇಳಿದಳು. ಒಂದೆರಡಕ್ಕೆ ಗೊತ್ತಿಲ್ಲ ಅಂದಳು. ಗೊತ್ತಿಲ್ಲ ಅಂದಾಗಲೇ ಜನ ಹೆಚ್ಚು ತಲೆಯಾಡಿಸಿದ್ದು ನಾನು ನೋಡಿ ಕಂಡುಕೊಂಡ ಸೋಜಿಗ.

ಹೊರಗೆ ಬರುವಾಗ ಗೂಡಿನಲ್ಲಿ ಮತ್ತೆ ಎಲ್ಲರಿಗೂ ಹಸಿರು. ನಗುತ್ತ, ತಳ್ಳಾಡುತ್ತ ಬಂದು ನೋಡಿದರೆ ಮರದ ಕೆಳಗಿನ ಬೆಂಚಿನಲ್ಲಿ ಅಕ್ಕ, ಪಕ್ಕದಲ್ಲಿ ಭಾವ. ಎದುರಿಗೆ ದೊಡ್ಡ ಸಾಹೇಬರು ಕೋಟು ಬಿಚ್ಚಿ, ಕುಕ್ಕರಗಾಲಲ್ಲಿ ಕೂತು, ಕಡ್ಡಿಯಿಂದ ಮಣ್ಣಿನ ಮೇಲೆ ಸ್ಥಾವರದ ಚಿತ್ರ ಬರೆಯುತ್ತಿದ್ದರು.

"ಈ ಪಂಪು ನಿಂತ್ರೆ?" ಅಂದಳು ಅಕ್ಕ.

"ಇನ್ನೊಂದಿದೆ ಅಮ್ಮ."

"ಅದೂ ನಿಂತ್ರೆ?"

"ಮತ್ತೊಂದಿದೆ."

"ಕರೆಂಟೇ ಹೋದ್ರೆ?"

"ಡೀಸೆಲ್ ಜನರೇಟರ್ ಇದೆ, ತಾನಾಗೇ ಶುರುವಾಗತ್ತೆ."

"ಡೀಸೆಲ್ ಇಲ್ದಿದ್ರೆ?"

"ತುಂಬಿರತ್ತೆ ಅಮ್ಮ. ದಿನಾ ನೋಡ್ತಾರೆ."

"ಯಾರು ನೋಡ್ತಾರೆ? ನೀನು ನೋಡಿದ್ಯಾ?"

ಸಾಹೇಬರು ಕಡ್ಡಿ ಕೆಳಗಿಟ್ಟರು. ಸೊಸೆ ನನ್ನ ಪಕ್ಕದಲ್ಲೇ ನಿಂತಿದ್ದಳು. ಅವರು ಒಮ್ಮೆ ಅವಳ ಕಡೆ ನೋಡಿ, ಕೆಮ್ಮಿದರು.

"ಹುಡುಗ್ರು ನೋಡ್ತಾರೆ. ನಾನೇ ಕಣ್ಣಾರೆ ನೋಡಿ ತುಂಬಾ ದಿನ ಆಯ್ತಮ್ಮ."

"ನಿಜ ಹೇಳ್ದೆ. ಹೋಗಿ ನೋಡ್ಕೊಂಡ್ ಬಾ. ನಾನಿಲ್ಲೇ ಕೂತಿರ್ತೀನಿ."

ಅವರು ಎದ್ದು ಹೋದರು! ಅಷ್ಟು ದೊಡ್ಡ ಸಾಹೇಬರು, ಬಿಸಿಲಲ್ಲಿ, ಅಂಗಿಯ ತೋಳು ಮಡಚಿಕೊಂಡು, ಅಂಗಳದ ಆ ತುದಿಗೆ. ಬಸ್ಸಿನ ಡ್ರೈವರ್ ಹೊರಡೋಣವೇ ಅಂದ. ಯಾರೂ ಹತ್ತಲಿಲ್ಲ. ಕಟಿಂಗ್ ಅಂಗಡಿಯವನು ತನ್ನ ಟವೆಲ್ಲು ಹಾಸಿ ನೆರಳಲ್ಲಿ ಕೂತ. ಸೊಸೆ ಅಕ್ಕನ ಪಕ್ಕದಲ್ಲಿ ಕೂತು, ಮಾತ್ರೆ ಯಾವ ಹೊತ್ತಿಗೆ ನುಂಗಬೇಕು ಅಂತ ಕೇಳಿ ಭಾವನಿಗೆ ಬಾಯಿಪಾಠ ಮಾಡಿಸುತ್ತಿದ್ದಳು. ಭಾವ ಒಂದೊಂದನ್ನೂ ತಿರುಗಿ ಹೇಳುತ್ತಿದ್ದರು.

ಸ್ವಲ್ಪ ಹೊತ್ತಿಗೆ ಸಾಹೇಬರು ಬಂದರು. ಮುಖದ ತುಂಬ ಬೆವರು, ಕೈಗೆ ಎಣ್ಣೆ. ಬಹುಮಾನ ಗೆದ್ದವರ ಹಾಗೆ ಹಲ್ಲು ಕಿರಿಯುತ್ತಿದ್ದರು.

"ತುಂಬಿದೆ ಅಮ್ಮ! ಮುಚ್ಚಳ ತೆಗೆಸಿ, ಕೋಲು ಇಳಿಸಿ ನಾನೇ ನೋಡ್ದೆ."

ಅಕ್ಕ ಅವರ ಕೈ ಹಿಡಿದು ಮೂಸಿ ನೋಡಿದಳು. ಡೀಸೆಲ್ಲೇ.

"ಹೂಂ" ಅಂದಳು. "ಈಗ ಕೂತ್ಕೋ. ಆ ಉರಿದ ಇಂಧನ ಇರತ್ತಲ್ಲ, ಅದನ್ನ ಎಲ್ಲಿಡ್ತೀರಿ?"

ಸಾಹೇಬರು ಕಡ್ಡಿ ಎತ್ತಿಕೊಂಡರು. ನಾವೆಲ್ಲ ಹತ್ತಿರ ಸರಿದು, ಬೆಂಚಿನ ಸುತ್ತ ಕೂತೆವು.